ಲಕೋಟೆಯೊಳಗಿನ ಒಂಟೆ

ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ. ರೇಷನ್ ಅಕ್ಕಿ. ಆ ವಾರ ಕಲ್ಲು ಕಡಿಮೆಯಿದ್ದವು, ಅಷ್ಟಾದರೂ ದೇವರು ನೋಡಿಕೊಂಡ ಎಂದುಕೊಳ್ಳುತ್ತಿರುವಾಗ ಅಂಚೆಯವನು ಬಾಗಿಲ ಸಂದಿಯಿಂದ ಒಂದು ಕಾರ್ಡು ತೂರಿಸಿ ಹೋದ. ದಾದರಿನ ಚದುರಂಗ ಮಂಡಳಿಯ ಕಾರ್ಯದರ್ಶಿ ಮರಾಠಿಯಲ್ಲಿ ಬರೆದಿದ್ದರು: ಭಾನುವಾರ ಅರ್ಧಕ್ಕೆ ನಿಂತ ನಿಮ್ಮ ಆಟ ಶನಿವಾರ ಮಧ್ಯಾಹ್ನ ಮೂರಕ್ಕೆ ಮುಂದುವರಿಯುವುದು. ಸೋಲು ಒಪ್ಪಿಕೊಳ್ಳುವ ವಿಚಾರವಿದ್ದರೆ ಶುಕ್ರವಾರದೊಳಗೆ ಚೀಟಿ ಕಳಿಸಿ. ನಿಮ್ಮ ಎದುರಾಳಿ ಮಹಿಳೆ ಭಾಂಡುಪ್‌ನಿಂದ ಬರಬೇಕಾಗುತ್ತದೆ.

ಬುಧವಾರ ಅದು. ಕಾರ್ಡನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ದೇವರ ಕೋಣೆಯ ಮುಂದೆ ಕುಳಿತು ಹತ್ತಿ ಹಿಂಜಿ ಗೆಜ್ಜೆವಸ್ತ್ರ ಮಾಡುತ್ತಿದ್ದರು.

"ಚೀಟಿ ಬರದ ಕೊಡು," ಅಂದರು, ತಲೆ ಎತ್ತದೆ. "ಸೋತಂಗ ಅದು. ಆ ಹೆಣ್ಮಗಳು ಎರಡ ಮಕ್ಕಳನ ಮನ್ಯಾಗ ಬಿಟ್ಟ, ಬಿಸಲಾಗ ಗಾಡಿ ಹತ್ತಿ ಬರಬೇಕು. ಯಾಕ ಸುಮ್ನ?"

ಆಗ ನಾವು ಚೆಂಬೂರಿನ ಕಾಲೊನಿಯೊಂದರಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ನಾನು, ಫೋರ್ಟಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು, ಅತ್ತೆ. ಧಾರವಾಡದ ಕಡೆಯಿಂದ ಬಂದವರು. ಯಜಮಾನರಿಗೆ ಚದುರಂಗ ಬರುತ್ತಿರಲಿಲ್ಲ. ಆಡುತ್ತಿದ್ದವರು ನಾನು ಮತ್ತು ಅತ್ತೆ. ನನಗೆ ಕಲಿಸಿದವರೂ ಅವರೇ. ಮದುವೆಯಾಗಿ ಬಂದ ಮೊದಲ ವರ್ಷ ಊಟದ ನಂತರ ಪಾತ್ರೆ ತೊಳೆದು ಬಂದರೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಗಿತ್ತು. ಒಂದು ದಿನ ಅವರು ಟ್ರಂಕಿನಿಂದ ಹಾಸು ತೆಗೆದರು. ಹಳೆಯ ಇಳಕಲ್ ಸೀರೆಯ ತುಂಡು, ಅದರ ಮೇಲೆ ಬಿಳಿ ದಾರದಲ್ಲಿ ಹೊಲಿದ ಅರವತ್ತನಾಲ್ಕು ಮನೆ. ಎಲ್ಲ ಮನೆಗಳೂ ಸೀರೆಯದೇ ಕೆಂಪು. ಅವರ ತವರಿನಲ್ಲಿ ಎಲ್ಲರೂ ಆಡುತ್ತಿದ್ದದ್ದು ಹಾಗಿನ ಹಾಸಿನ ಮೇಲೇ. ಕಾಯಿಗಳು ಮರದವು, ಹಸಿರು ಮತ್ತು ಅರಿಶಿನ ಬಣ್ಣದವು. ರಾಜ, ಮಂತ್ರಿ, ಆನೆ, ಕುದುರೆ, ಓರೆಯಾಗಿ ನಡೆಯುವ ಒಂಟೆ, ಮುಂದೆ ನಿಲ್ಲುವ ಪ್ಯಾದೆಗಳು.

ನಮ್ಮ ಮನೆಯ ಆಟಕ್ಕೆ ಅದರದೇ ಕಟ್ಟಳೆಗಳಿದ್ದವು. ರಾಜ ಸೆರೆ ಸಿಕ್ಕರೆ ಸೋಲು, ಅದು ಎಲ್ಲ ಕಡೆಯೂ ಅಷ್ಟೆ. ಆದರೆ ಕೊನೆಯ ಕಾಯಿಯನ್ನೂ ಕಳೆದುಕೊಂಡು ರಾಜ ಒಬ್ಬನೇ ಉಳಿದರೂ ನಮ್ಮಲ್ಲಿ ಸೋಲು. ಮೇಲೆ ಯಾರೂ ಬೀಳದಿದ್ದರೂ ಅತ್ತಿತ್ತ ಕದಲಲು ಮನೆಯಿಲ್ಲದೆ ರಾಜ ಸಿಕ್ಕಿಕೊಂಡರೂ ಸೋಲು. ಮಂಡಳಿಗೆ ಸೇರಿದ ದಿನ ಕಾರ್ಯದರ್ಶಿಗಳು ಹೇಳಿದ್ದರು, "ತಾಈ, ಇಲ್ಲಿ ಹೊಸ ನಿಯಮ. ರಾಜ ಒಬ್ಬನೇ ಇದ್ದರೂ ಆಟ ನಡೆಯುತ್ತದೆ. ಅವನಿಗೆ ನಡೆಯೇ ಇಲ್ಲದೆ ಹೋದರೆ ಡ್ರಾ, ಇಬ್ಬರಿಗೂ ಅರ್ಧರ್ಧ." ಹೂಂ ಎಂದು ತಲೆಯಾಡಿಸಿದ್ದೆ. ಕಿವಿಗೆ ಬಿದ್ದದ್ದೆಲ್ಲ ಕೈಗೆ ಇಳಿಯಲು ದಿನ ಬೇಕಾಗುತ್ತದೆ.

ಮಂಡಳಿ ಇದ್ದದ್ದು ದಾದರ್ ಸ್ಟೇಷನ್ ಹತ್ತಿರ, ಒಂದು ಉಡುಪಿ ಹೋಟೆಲಿನ ಮೇಲಂತಸ್ತಿನಲ್ಲಿ. ಕೆಳಗಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಕಾರ್ಯದರ್ಶಿಗಳು ನಿವೃತ್ತ ಶಾಲಾ ಮಾಸ್ತರರು. ಆ ವರ್ಷ ಅವರಿಗೆ ಹೆಂಗಸರದೂ ಒಂದು ಪಂದ್ಯಾವಳಿ ನಡೆಸಬೇಕೆಂಬ ಹುರುಪು ಬಂದಿತ್ತು. ಆರು ಜನ ಸಿಕ್ಕೆವು. ಐದು ಭಾನುವಾರ, ಒಬ್ಬೊಬ್ಬರ ಜೊತೆ ಒಂದೊಂದು ಆಟ. ಮೊದಲ ಇಬ್ಬರಿಗೆ ಮುಂದಿನ ತಿಂಗಳು ಗಂಡಸರ ಜೊತೆ ದೊಡ್ಡ ಪಂದ್ಯಾವಳಿಯಲ್ಲಿ ಜಾಗ. ಭಾಂಡುಪ್‌ನವರು ಆಗಲೇ ಮೊದಲಿಗರಾಗಿದ್ದರು. ನಾನು ಎರಡನೆಯವಳಾಗಲು ಕೊನೆಯ ಆಟದಲ್ಲಿ ಅರ್ಧ ಅಂಕ ಸಾಕಿತ್ತು.

ಗಂಡಸರ ಜೊತೆ ಆಡುವ ಆಸೆ ನನಗಿತ್ತು ಎಂದರೆ ಪೂರ್ತಿ ನಿಜವಲ್ಲ. ನನಗೆ ಬೇಕಾಗಿದ್ದದ್ದು ಒಂದು ಪುಸ್ತಕ. ಮಂಡಳಿಯ ಗಾಜಿನ ಕಪಾಟಿನಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದಿತ್ತು. ಒಮ್ಮೆ ಮಾಸ್ತರರು ಅದನ್ನು ತೆರೆದಿಟ್ಟಿದ್ದಾಗ ಇಣುಕಿ ನೋಡಿದ್ದೆ. ಪುಟಪುಟದಲ್ಲೂ ಹಲಗೆಯ ಚಿತ್ರ. ಚಿತ್ರದಲ್ಲಿ ಮೂರೇ ಕಾಯಿ, ನಾಲ್ಕೇ ಕಾಯಿ. ಆಟದ ಕೊನೆಗಳ ಬಗ್ಗೆಯೇ ಬರೆದದ್ದಂತೆ. ಇಷ್ಟು ಕಡಿಮೆ ಕಾಯಿಗಳ ಬಗ್ಗೆ ಇಷ್ಟು ದಪ್ಪ ಪುಸ್ತಕ ಬರೆಯಲು ಏನಿದ್ದೀತು? ಆ ಪ್ರಶ್ನೆ ಒಲೆಯ ಮುಂದೆ, ನಳದ ಮುಂದೆ, ಎಲ್ಲೆಂದರಲ್ಲಿ ನನ್ನನ್ನು ಕೆಣಕುತ್ತಿತ್ತು. ದೊಡ್ಡ ಪಂದ್ಯಾವಳಿಗೆ ಆಯ್ಕೆಯಾದವರಿಗೆ ಮಾತ್ರ ಪುಸ್ತಕ ಮನೆಗೆ ಒಯ್ಯಲು ಬಿಡುತ್ತಿದ್ದರು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಚಿತ್ರ ಓದಲು ಯಾವ ಭಾಷೆ ಬೇಕು?

ಭಾನುವಾರದ ಆಟ ನಾಲ್ಕು ಗಂಟೆ ನಡೆದು ಮುಗಿಯದೆ ನಿಂತಿತು. ಹಾಗೆ ನಿಂತಾಗ, ಯಾರ ಸರದಿಯೋ ಅವರು ತಮ್ಮ ಮುಂದಿನ ನಡೆಯನ್ನು ಯಾರಿಗೂ ತೋರಿಸದೆ ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಡಬೇಕು. ಆಟ ಮುಂದುವರಿಯುವ ದಿನ ಲಕೋಟೆ ಒಡೆದು ಆ ನಡೆಯಿಂದಲೇ ಶುರು. ಸರದಿ ಭಾಂಡುಪ್‌ನವರದಾಗಿತ್ತು. ಅವರು ಬಹಳ ಹೊತ್ತು ಯೋಚಿಸಿ, ಬರೆದು, ಅಂಟಿಸಿ, ಲಕೋಟೆಯ ಮೇಲೆ ಸಹಿ ಹಾಕಿದರು.

ಅವರಿಗೆ ಉಳಿದದ್ದು ರಾಜ, ಒಂದು ಒಂಟೆ, ಒಂದು ಪ್ಯಾದೆ. ನನಗೆ ರಾಜ ಮತ್ತು ಒಂದು ಪ್ಯಾದೆ. ಅವರ ಪ್ಯಾದೆ ನನ್ನ ಬಲಗೈ ಅಂಚಿನ ಸಾಲಿನಲ್ಲಿ ಇಳಿದು ಬಂದಿತ್ತು. ಇನ್ನೆರಡು ಹೆಜ್ಜೆ ಇಟ್ಟು ಮೂಲೆ ಮುಟ್ಟಿದರೆ ಅದು ಮಂತ್ರಿಯಾಗುತ್ತದೆ, ಆಟ ಮುಗಿಯುತ್ತದೆ. ನನ್ನ ರಾಜ ಆ ಮೂಲೆಗೆ ಎರಡು ಮನೆ ಈಚೆ ನಿಂತಿದ್ದ. ನನ್ನ ಪ್ಯಾದೆ ಎಡಗಡೆಯ ಅಂಚಿನಲ್ಲಿ, ಎಲ್ಲರಿಂದ ದೂರ. ಅದನ್ನು ಉಳಿಸಲು ಓಡಿದರೆ ಮೂಲೆ ಹೋಗುತ್ತದೆ. ಮೂಲೆಗೆ ಹೋದರೆ ಪ್ಯಾದೆ ಹೋಗುತ್ತದೆ, ರಾಜ ಒಬ್ಬನೇ ಉಳಿಯುತ್ತಾನೆ. ಅತ್ತೆಯವರ ಹಾಸಿನ ಮೇಲೆ ಮೂರು ದಿನ ಅದನ್ನೇ ಇಟ್ಟು ನೋಡಿದೆವು. ಎರಡೂ ದಾರಿ ಸೋಲಿಗೇ ಹೋಗುತ್ತಿದ್ದವು.

ಸಂಜೆ ಚೀಟಿ ಬರೆದೆ. "ನಾನು ಸೋಲು ಒಪ್ಪಿಕೊಂಡಿದ್ದೇನೆ. ಅವರು ಬರುವ ತೊಂದರೆ ತೆಗೆದುಕೊಳ್ಳಬಾರದು." ಮರುದಿನ ಬೆಳಿಗ್ಗೆ ಯಜಮಾನರ ಶರ್ಟಿನ ಜೇಬಿಗೆ ಅದನ್ನು ಹಾಕಿ, ಆಫೀಸಿನಿಂದ ಬರುವಾಗ ದಾದರಿನಲ್ಲಿ ಇಳಿದು ಕೊಟ್ಟು ಬನ್ನಿ ಎಂದೆ.

ಅವರು ನನ್ನ ಮುಖ ನೋಡಿದರು. "ಖರೇನ ಸೋತೀ ಏನು?"

"ಅತ್ತ್ಯಾರೂ ಹಂಗ ಅಂತಾರ್ರೀ."

"ಅವ್ವ ಅಂದಮ್ಯಾಲ ಮುಗೀತು," ಎಂದು ಡಬ್ಬಿ ಹಿಡಿದು ಇಳಿದುಹೋದರು.

ಗುರುವಾರ ನನಗೆ ಒಪ್ಪತ್ತು. ಅಡುಗೆ ಕಡಿಮೆ, ಕೈಗೆ ಬಿಡುವು. ಹೊಸ್ತಿಲು ತೊಳೆದು ರಂಗೋಲಿಗೆ ಕುಳಿತೆ. ಸಾಮಾನ್ಯವಾಗಿ ಐದೆಳೆಯ ಪದ್ಮ ಹಾಕಿ ಏಳುವವಳು ಅಂದು ಯಾಕೋ ಗೆರೆ ಎಳೆಯುತ್ತಾ ಹೋದೆ. ಉದ್ದಕ್ಕೆ ಒಂಬತ್ತು, ಅಡ್ಡಕ್ಕೆ ಒಂಬತ್ತು. ಎಂಟೆಂಟು ಮನೆಗಳಾದವು. ಖಾಲಿ ಬಿಡುವುದೇಕೆ ಎಂದು ಒಂದು ಬಿಟ್ಟು ಒಂದು ಮನೆಗೆ ಕೆಂಪು ಪುಡಿ ತುಂಬಿದೆ. ಮಂಡಳಿಯ ಹಲಗೆಯಲ್ಲೂ ಹೀಗೆಯೇ ಒಂದು ಬಿಟ್ಟು ಒಂದು ಮನೆಗೆ ಕಪ್ಪು ಬಣ್ಣವಿರುತ್ತಿತ್ತು. ಇಷ್ಟು ದಿನ ಆ ಬಣ್ಣವನ್ನು ನಾನು ಸೀರೆಯ ಅಂಚಿನಂತೆ, ಚಂದಕ್ಕೆ ಹಾಕಿದ್ದು ಎಂದುಕೊಂಡಿದ್ದೆ. "ಬಲಗೈ ಮೂಲೆ ಬಿಳಿ" ಎಂದು ಮಾಸ್ತರರು ಹಲಗೆ ಇಡುವಾಗಲೆಲ್ಲ ಹೇಳುತ್ತಿದ್ದದ್ದು ನೆನಪಿತ್ತು, ಹಾಗೆಯೇ ತುಂಬಿದೆ.

ತುಂಬಿ ಮುಗಿದ ಮೇಲೆ ಭಾಂಡುಪ್‌ನವರ ಒಂಟೆ ನಿಂತ ಮನೆಯ ಮೇಲೆ ಒಂದು ಹುಣಸೆಬೀಜ ಇಟ್ಟೆ. ಕೆಂಪು ಮನೆ. ಓರೆಯಾಗಿ ಸರಿಸಿದೆ, ಕೆಂಪು. ಇನ್ನೊಂದು ಓರೆ, ಮತ್ತೆ ಕೆಂಪು. ಎಷ್ಟು ದೂರ ಸರಿಸಿದರೂ, ಯಾವ ಕಡೆ ತಿರುಗಿಸಿದರೂ, ಅದು ಬಿಳಿಯ ಮೇಲೆ ಕಾಲಿಡಲೇ ಇಲ್ಲ. ಓರೆ ನಡೆಯುವ ಪ್ರಾಣಿ ಹುಟ್ಟಿದ ಬಣ್ಣ ಬಿಡುವುದಿಲ್ಲ. ಪ್ಯಾದೆ ಮುಟ್ಟಬೇಕಾದ ಮೂಲೆಯೋ, ಬಿಳಿ.

ಆ ಮೂಲೆಯಲ್ಲಿ ಕೂತ ರಾಜನನ್ನು ಈ ಒಂಟೆ ಎಂದೂ ಹೆದರಿಸಲಾರದು. ಏಳು ವರ್ಷ ಒಂಟೆ ಆಡಿಸಿದವಳು ನಾನು!

"ಅತ್ತ್ಯಾರ, ಇಲ್ಲೆ ಬರ್ರಿ, ಲಗೂನ ಬರ್ರಿ!"

"ಏನಾತವಾ? ಹಾಲು ಉಕ್ಕಿತೇನು?" ಎನ್ನುತ್ತ ಬಂದವರು ಹೊಸ್ತಿಲು ನೋಡಿ ನಿಂತರು. "ಇದೇನ ಹಾಕೀ? ಲಕ್ಷ್ಮಿ ಒಳಗ ಬರಬೇಕೋ, ಜೂಜಾಡಿ ಹೋಗಬೇಕೋ?"

"ಕೂಡ್ರಿ. ನೀವು ಭಾಂಡುಪನವ್ರು, ನಾ ನಾನು. ನನ್ನ ರಾಜ ಮೂಲ್ಯಾಗ ಕೂತಾನ ಅಂತ ತಿಳೀರಿ. ಎಬ್ಬಸ್ರಿ ನೋಡೋಣು."

ಅತ್ತೆ ಗೋಡೆಗೆ ಆತು ಕುಳಿತರು. ಒಂಟೆ ತಂದರು, ರಾಜನನ್ನು ತಂದರು, ಪ್ಯಾದೆಯನ್ನು ಹಿಂದೆ ಮುಂದೆ ಕಾದರು. ನಾನು ಮೂಲೆಯಿಂದ ಪಕ್ಕದ ಮನೆಗೆ, ಪಕ್ಕದ ಮನೆಯಿಂದ ಮೂಲೆಗೆ. ಅವರ ಒಂಟೆ ಸುತ್ತಮುತ್ತ ಎಲ್ಲ ಕಡೆ ಹೆದರಿಸಬಲ್ಲದು, ಮೂಲೆಯೊಂದನ್ನು ಬಿಟ್ಟು. ಕೊನೆಗೆ ನನ್ನ ರಾಜನಿಗೆ ಕದಲಲು ಜಾಗವಿಲ್ಲದಂತೆ ಮಾಡಿ ತೊಡೆ ತಟ್ಟಿಕೊಂಡರು.

"ಸಿಕ್ಕಾ! ಈಗ ಎಲ್ಲಿ ಹೋಗ್ತಾನ? ಸೋತಿ."

"ಸೋತಿಲ್ಲರಿ. ಅವನ ಮ್ಯಾಲೆ ಯಾರೂ ಬಿದ್ದಿಲ್ಲ. ಹೊಸ ನಿಯಮದಾಗ ಇದು ಡ್ರಾ. ಅರ್ಧ ಅಂಕ."

"ಹೋಗ, ಇದ್ಯಾವ ನ್ಯಾಯ? ಮೂಲ್ಯಾಗ ಸಿಕ್ಕೊಂಡ ಕೂತಾಂವಗ ಅರ್ಧ ಕೊಡೋದು?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನ ತಮ್ಮ ಹಿಂಗ ಎಷ್ಟ ಆಟ ಸೋತಿದ್ದ ಪಾಪ," ಅಂದರು.

ಆಮೇಲೆ ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಚೀಟಿ!

ಅದರ ಜೊತೆಗೆ ಇನ್ನೊಂದು. ಕಾಯಿಗಳನ್ನು ಭಾನುವಾರ ನಿಂತ ಹಾಗೆ ಇಟ್ಟು ಅತ್ತೆ ಕೇಳಿದರು, "ಅವನು ಇನ್ನೂ ಮೂಲ್ಯಾಗಿಲ್ಲಲ್ಲ. ಎರಡ ಮನಿ ಈಚೆ ಇದ್ದಾನ. ಮದಲ ನಡಿ ಯಾರದು? ಆಕೀದು." ಎಂದು ಹುಣಸೆಬೀಜವನ್ನು ನಡುವಿನ ಓರೆ ಸಾಲಿಗೆ ತಂದಿಟ್ಟರು. ನನ್ನ ರಾಜನಿಗೂ ಮೂಲೆಗೂ ನಡುವೆ ಇದ್ದದ್ದು ಒಂದೇ ಬಾಗಿಲು, ಪಕ್ಕದ ಮನೆ. ಅದು ಕೆಂಪು. ಒಂಟೆ ಅಲ್ಲಿಂದ ಆ ಬಾಗಿಲನ್ನು ಕಾಯುತ್ತಿತ್ತು. ಇನ್ನೊಂದು ಸಂದಿಯನ್ನು ಅವರ ಪ್ಯಾದೆಯೇ ಕಾಯುತ್ತಿತ್ತು. ನಾನು ಹೊರಗೆ. ಮೂರು ಸಲ ಆಡಿದೆವು, ಮೂರು ಸಲವೂ ಸೋತೆ. ಒಂಟೆಯನ್ನು ಅಲ್ಲಲ್ಲದೆ ಬೇರೆ ಎಲ್ಲಿ ಇಟ್ಟರೂ ನಾನು ಒಳಗೆ.

ಅಂದರೆ ನನ್ನ ಅರ್ಧ ಅಂಕ, ಆ ಪುಸ್ತಕ, ಎಲ್ಲ ಆಗಲೇ ಭಾನುವಾರ ಅಂಟಿಸಿಟ್ಟ ಲಕೋಟೆಯೊಳಗೆ ಕುಳಿತಿತ್ತು. ಇಷ್ಟರಲ್ಲಿ ಚೀಟಿ ಮಾಸ್ತರರ ಕೈ ಸೇರಿದ್ದರೆ ಲಕೋಟೆ ಒಡೆಯುವ ಪ್ರಶ್ನೆಯೇ ಇಲ್ಲ.

ಯಜಮಾನರು ಬರುವ ಹೊತ್ತಿಗೆ ನಾನು ನಾಲ್ಕು ಸಲ ಬಾಲ್ಕನಿಗೆ ಹೋಗಿ ಬಂದಿದ್ದೆ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳುತ್ತಲೇ ಬಾಗಿಲಿಗೆ ಓಡಿದೆ.

"ಚೀಟಿ ಕೊಟ್ರೇನ್ರೀ?"

ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಮುಖ ಸಣ್ಣಗಾಯಿತು. "ಅಯ್ಯ! ಮರತೇಬಿಟ್ಟೆ ನೋಡು. ಕುರ್ಲಾ ಬಂದಮ್ಯಾಲ ನೆನಪಾತು. ನಾಳೆ ಖಂಡಿತ ಕೊಡ್ತೀನಿ, ಸಿಟ್ಟಾಗಬ್ಯಾಡ."

ಛತ್ರಿ, ಡಬ್ಬಿ, ಅತ್ತೆಯವರ ಮಾತ್ರೆ, ಎಲ್ಲವನ್ನೂ ಮರೆತು ಬರುವ ಮನುಷ್ಯ. ಆ ಸ್ವಭಾವಕ್ಕಾಗಿ ನಾನು ದೇವರಿಗೆ ಕೈಮುಗಿದದ್ದು ಅದೊಂದೇ ಸಲ. ಚೀಟಿ ಕಿತ್ತುಕೊಂಡು ಒಲೆಗೆ ಹಾಕಿದೆ. ಅವರ ತಾಟಿಗೆ ಇನ್ನೊಂದು ಚಮಚ ತುಪ್ಪ ಬಿದ್ದಾಗ ಅವರು ಅವ್ವನ ಮುಖ ನೋಡಿದರು. ಅವ್ವ, "ಉಣ್ಣು ಸುಮ್ನ, ಕೇಳಬ್ಯಾಡ," ಅಂದರು.

ಶುಕ್ರವಾರ ಕಳೆಯುವುದು ಕಷ್ಟವಾಯಿತು. ದೇವರ ಮುಂದೆ ನಿಂತರೆ ಏನು ಬೇಡಬೇಕೆಂದೇ ತಿಳಿಯದು. ಆ ಹೆಣ್ಣುಮಗಳು ತಪ್ಪು ಬರೆದಿರಲಿ ಎಂದು ಬೇಡುವುದು ಸರಿಯೇ? ಬರೆದದ್ದು ಭಾನುವಾರ. ಶುಕ್ರವಾರ ಬೇಡಿದರೆ ದೇವರು ತಾನೆ ಏನು ಮಾಡಿಯಾನು? ಅತ್ತೆಯವರನ್ನೇ ಕೇಳಿದೆ.

"ಅವಗ ಲಕೋಟಿ ಒಡದ ಓದೋದು ಬೇಕಾಗಂಗಿಲ್ಲ," ಅಂದರು. "ಏನದನೋ ಅದನ್ನ ತಡಕೊಳ್ಳೋ ಶಕ್ತಿ ಕೊಡು ಅನ್ನು. ಅಷ್ಟ ಕೇಳಿದ್ರ ಯಾರಿಗೂ ಕೆಟ್ಟದಾಗಂಗಿಲ್ಲ." ಅಷ್ಟನ್ನೇ ಕೇಳಿಕೊಂಡೆ. ಆ ದಿನ ಹೊಸ್ತಿಲಿನ ರಂಗೋಲಿಯನ್ನು ಅವರು ಗುಡಿಸಲು ಬಿಡಲಿಲ್ಲ. ಹಾಲಿನವನನ್ನೂ ಪಕ್ಕದಿಂದ ದಾಟಿಸಿದರು.

ಶನಿವಾರ ಕುರ್ಲಾದಲ್ಲಿ ಗಾಡಿ ಬದಲಿಸಿ ದಾದರಿಗೆ ಹೋದೆ. ಭಾಂಡುಪ್‌ನವರು ಆಗಲೇ ಬಂದು ಕುಳಿತಿದ್ದರು. ದಕ್ಷಿಣ ಕನ್ನಡದವರು. ಅವರ ಯಜಮಾನರು ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ನನ್ನನ್ನು ನೋಡುತ್ತಲೇ ನಕ್ಕರು.

"ಬಂದ್ರಾ? ನಿಮ್ಮ ಚೀಟಿ ಬರ್ತದೆ ಅಂತ ನಿನ್ನೆ ಸಂಜೆವರೆಗೆ ಕಾದೆ ಮಾರಾಯ್ರೆ. ಮಕ್ಳನ್ನು ನಾದಿನಿ ಹತ್ರ ಬಿಟ್ಟು ಬರ್ಬೇಕಾಯ್ತು."

ನಾಚಿಕೆಯಾಯಿತು. "ತಪ್ಪ ತಿಳ್ಕೋಬ್ಯಾಡ್ರಿ. ಕೊನೀತನಕ ಏನಾಗ್ತದ ನೋಡಬೇಕನಸ್ತು."

"ನೋಡಿ, ನೋಡಿ. ಅದಕ್ಕೆಂತ!"

ಮಾಸ್ತರರು ಹಲಗೆಯ ಮೇಲೆ ಐದು ಕಾಯಿಗಳನ್ನು ಜೋಡಿಸಿದರು. ಅಷ್ಟು ದೊಡ್ಡ ಹಲಗೆಯ ಮೇಲೆ ಐದೇ ಕಾಯಿ. ಕಪಾಟಿನ ಕಡೆ ಕಣ್ಣು ಹೋಯಿತು, ಹಿಂದಕ್ಕೆ ತಂದೆ. ಮಾಸ್ತರರು ಲಕೋಟೆ ತೆಗೆದು ಸಹಿ ತೋರಿಸಿ ಕತ್ತರಿಯಿಂದ ಅಂಚು ಕತ್ತರಿಸಿದರು. ಕಾಗದ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಕೈ ಚಾಚಿ ಒಂಟೆಯನ್ನು ಹಿಡಿದರು.

ಒಂಟೆ!

ಆದರೆ ಅವರು ಅದನ್ನು ನಡುವಿನ ಸಾಲಿಗೆ ತರಲಿಲ್ಲ. ಹಿಂದಕ್ಕೆ, ಭಾಂಡುಪ್‌ನವರ ಕಡೆಯ ಕೊನೆಯ ಸಾಲಿಗೆ ಒಯ್ದಿಟ್ಟರು. ಅಲ್ಲಿಂದ ಅದು ಓರೆಯಾಗಿ ನೋಡುತ್ತಿದ್ದದ್ದು ದೂರದಲ್ಲಿ ನಿಂತಿದ್ದ ನನ್ನ ಪ್ಯಾದೆಯನ್ನು. ಬಾಗಿಲು ತೆರೆದೇ ಇತ್ತು.

ಕೈ ಪ್ಯಾದೆಯ ಕಡೆ ಹೋಯಿತು, ಸುಳ್ಳು ಹೇಳುವುದಿಲ್ಲ. ಅದೊಂದೇ ಉಳಿದ ಕಾಯಿ. ಅದು ಹೋದರೆ ರಾಜ ಒಬ್ಬನೇ. ಏಳು ವರ್ಷದ ಅಭ್ಯಾಸ ಮೊಣಕೈ ಹಿಡಿದು ಎಳೆಯುತ್ತಿತ್ತು. ಕಣ್ಣು ಮುಚ್ಚಿ ಹೊಸ್ತಿಲಿನ ರಂಗೋಲಿ ನೆನೆದೆ. ಕಣ್ಣು ತೆರೆದು ರಾಜನನ್ನು ಪಕ್ಕದ ಕಪ್ಪು ಮನೆಗೆ ಸರಿಸಿದೆ. ಮಂಡಳಿಯ ಹಲಗೆಯಲ್ಲಿ ನಮ್ಮ ಕೆಂಪು ಕಪ್ಪಾಗಿರುತ್ತಿತ್ತು.

ಭಾಂಡುಪ್‌ನವರು ನನ್ನ ಪ್ಯಾದೆ ಹೊಡೆದರು. ಹೊಡೆದು ಕೈ ಕಟ್ಟಿಕೊಂಡು ಹಿಂದಕ್ಕೆ ಒರಗಿದರು, ಆಟ ಮುಗಿದ ಹಾಗೆ. ನಾನು ರಾಜನನ್ನು ಮೂಲೆಗೆ ಕೂರಿಸಿದೆ.

ಆಮೇಲೆ ಅವರು ಪ್ರಯತ್ನ ಮಾಡಲಿಲ್ಲವೆಂದಲ್ಲ. ಅರ್ಧ ಗಂಟೆ ಒಂಟೆಯನ್ನು ತಿರುಗಿಸಿದರು. ಅತ್ತೆಯವರು ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿದರು. ಕೊನೆಗೆ ನನ್ನ ರಾಜ ಕದಲದಂತಾದ. ಮಾಸ್ತರರು ಹಲಗೆಯ ಮೇಲೆ ಕೈ ಇಟ್ಟು, "ಡ್ರಾ, ತಾಈ," ಎಂದರು. ಕೆಳಗೆ ಹೋಟೆಲಿನಲ್ಲಿ ಯಾರೋ ಎರಡು ಮಸಾಲೆ ಎಂದು ಕೂಗಿದ್ದು ಕೇಳಿಸಿತು.

"ನಿಮಗೆ ಬೇಜಾರಾತೇನ್ರಿ?" ಎಂದು ಕೇಳಿದೆ.

"ಬೇಜಾರೆಂತದು, ಜಾಗ ನಂಗೆ ಹೇಗೂ ಉಂಟು," ಅಂದರು. "ಆದ್ರೆ ತಪ್ಪಿದ್ದು ಎಲ್ಲಿ ಅಂತ ಹೇಳಿ ಮಾರಾಯ್ರೆ. ಇಲ್ಲದಿದ್ರೆ ರಾತ್ರಿ ನಿದ್ದೆ ಬರುದಿಲ್ಲ."

ಕಾಯಿಗಳನ್ನು ಮತ್ತೆ ಜೋಡಿಸಿ ಒಂಟೆಯನ್ನು ನಡುವಿನ ಓರೆ ಸಾಲಿಗೆ ಇಟ್ಟು ತೋರಿಸಿದೆ. ಬಾಗಿಲು ಮುಚ್ಚಿತು. ಅವರು ಹಣೆಗೆ ಕೈ ಬಡಿದುಕೊಂಡರು.

"ಅಯ್ಯಬ್ಬ! ನಾನು ನಿಮ್ಮ ಪ್ಯಾದೆಯನ್ನೇ ನೋಡ್ತಾ ಕೂತದ್ದು. ನಮ್ಮ ಅಜ್ಜ ಕಲಿಸಿದ್ದು ಹಾಗೆ. ಕಡೇ ಕಾಯಿ ಹೊಡೆದ್ರೆ ಗೆದ್ದ ಹಾಗೆ. ಹೊಸ ನಿಯಮ ಬಾಯಿಪಾಠ ಉಂಟು, ಕೈ ಕೇಳ್ಬೇಕಲ್ಲ?"

"ನಾನಂತೂ ಸೋಲಿನ ಚೀಟಿನ ಬರದಿದ್ದೆ," ಎಂದೆ. ಅವರು ನಂಬಲಿಲ್ಲ. ಯಜಮಾನರ ಮರೆವಿನ ಕಥೆ ಹೇಳಿದ ಮೇಲೆ ಇಬ್ಬರೂ ನಕ್ಕೆವು. ಸ್ಟೇಷನ್‌ವರೆಗೆ ಜೊತೆಗೆ ನಡೆದು ಕುರ್ಲಾವರೆಗೆ ಒಂದೇ ಗಾಡಿಯಲ್ಲಿ ಬಂದೆವು. ನಾನು ಇಳಿದ ಮೇಲೆ ಅವರು ಕಿಟಕಿಯಿಂದ ಕೈ ಚಾಚಿ ನನ್ನ ಚೀಲ ಮುಟ್ಟಿದರು. "ನೀವು ಓದಿ ಮುಗಿಸಿದ ಮೇಲೆ ನಂಗೆ, ಆಯ್ತಾ?" ಚೀಲದೊಳಗೆ ಪುಸ್ತಕ ಇತ್ತು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಿನ ಒಳಗೆ ಕುಳಿತಿದ್ದರು. ಪುಸ್ತಕ ಹೊರತೆಗೆದು ದೇವರ ಮುಂದಿಟ್ಟು ನಮಸ್ಕಾರ ಮಾಡಿದೆ. ಆಮೇಲೆ ಅವರ ಮುಂದೆ ತೆರೆದಿಟ್ಟೆ. ಇಬ್ಬರೂ ಪುಟ ಮಗುಚುತ್ತ ಹೋದೆವು. ಒಂದು ಚಿತ್ರದ ಮೇಲೆ ಅವರ ಬೆರಳು ನಿಂತಿತು. ಮೂಲೆಯಲ್ಲಿ ಒಬ್ಬ ರಾಜ. ಎದುರಿಗೆ ರಾಜ, ಒಂಟೆ, ಅಂಚಿನ ಪ್ಯಾದೆ.

"ಇದು ನಮ್ಮದ ಅಲ್ಲೇನ?"

"ನಮ್ಮದ ಅತ್ತ್ಯಾರ."

"ಯಾವ ದೇಶದಾಂವನೋ ಏನೋ," ಅಂದರು. "ಅವಗ ಹ್ಯಾಂಗ ಗೊತ್ತಾತು?" ಆಮೇಲೆ ಎದ್ದು ಟ್ರಂಕಿನಿಂದ ಹಾಸು ತೆಗೆದರು, ಸೂಜಿ ತೆಗೆದರು. "ಆ ಕರೇ ದಾರದ ಉಂಡಿ ತಗೊಂಡ ಬಾ. ಎಲ್ಲಿಂದ ಸುರು ಮಾಡ್ಲಿ? ಬಲಗೈ ಮೂಲಿ ಬಿಳೀದಂದೀ, ಅದನ್ನ ಹಂಗ ಬಿಡಬೇಕು. ಅದರ ಬಾಜೂದ್ದಕ್ಕ ಒಂದ ಟಾಕಿ ಹಾಕ್ಲೇನು?"

"ಹಾಕ್ರಿ," ಎಂದೆ. ಅವರು ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿದರು. ನಾನು ಪೋಣಿಸಿ ಕೊಟ್ಟೆ. ಇನ್ನೊಂದು ಪುಟ ನೋಡೋಣವೆಂದು ಕೈ ಹಾಕುವಷ್ಟರಲ್ಲಿ ಬಚ್ಚಲಿನಲ್ಲಿ ನಳ ಗೊರಗೊರ ಎಂದಿತು. ಸಂಜೆಯ ನೀರು ಮುಕ್ಕಾಲು ಗಂಟೆ ಮಾತ್ರ. ಸೆರಗು ಸಿಕ್ಕಿಸಿಕೊಂಡು ಹಂಡೆ ತುಂಬಲು ಎದ್ದೆ.